ಒಂಬತ್ತು ಗಂಟೆಯ ಮಳೆ

ಸಮಸ್ತ ನಾಗರಿಕರ ಗಮನಕ್ಕೆ: ಪಂಪಾ ಬಯಲಿನ ಈ ಪುಟ್ಟ ಊರಿನ ಪುರಸಭೆಯಲ್ಲಿ ಟೋಕನ್ ಮಿಷನ್ನು ಕೊನೆಗೂ ರಿಪೇರಿಯಾಗಿದೆ. ನಾಯಿಯ ಲೈಸೆನ್ಸಿಗೆ ಬಂದಿದ್ದ ಒಫೇಲಿಯಾ ಚೀಟಿ ಹಿಡಿದು ಕೂತಿದ್ದಳು. ಮುಂದಿನ ಬೆಂಚಲ್ಲಿ ಹಸು ಸಾಕುವ ಮುದುಕ ಎವಾರಿಸ್ತೊ, ಅವನ ನಾದಿನಿ ನೆಲಿದಾ. ಕಣ್ಣಿಗಾದರೆ ರೆಪ್ಪೆಯಿದೆ, ಕಿವಿಗೆಲ್ಲಿ?

"ಭಾವ, ಮಳೆ ಪುಸ್ತಕ ತಂದಿದೀರಾ?"

"ಮೂವತ್ತು ವರ್ಷದ ಮಳೆ ಲೆಕ್ಕ ಇದೆ ಇದರಲ್ಲಿ."

"ಮದುವೆ ದಿನಾನೂ ಮಳೆ ಅಳೆದೇ ಚರ್ಚಿಗೆ ಬಂದ್ರಂತೆ. ಅಕ್ಕ ಇನ್ನೂ ಬೈತಾಳೆ."

"ಆಗ ಮಳೆ ಬೀಳ್ತಿತ್ತು ಕಣೇ, ಈಗ ಮೇಲೇ ಬೀಳ್ತಿದೆ. ಮೂರು ತಿಂಗಳಿಗೆ ಆಗ್ತಿದ್ದದ್ದು ಮೊನ್ನೆ ಅರ್ಧ ದಿನಕ್ಕೆ ಸುರೀತು. ಇನ್ನೂರೆಂಬತ್ತು ಮಿಲಿಮೀಟರು."

"ರೈಲು ದಿಬ್ಬ ನೀರು ತಡೆದು ಹದಿನಾರು ಹಸು ಹೋದ್ವು. ಇನ್ನೊಂದು ಸಲ ಬಂದ್ರೆ ಮನೇನೂ ಉಳಿಯಲ್ಲ."

"ದಿನಕ್ಕೆ ಇನ್ನೂರು ದಾಟಿದ್ರೆ ಪುರಸಭೆಯವರು ದಿಬ್ಬ ಅಗೆದು ಮೋರಿ ಹಾಕಲೇಬೇಕು ಅಂತ ನಿಯಮಾನೇ ಇದೆ. ಬಾ, ನಮ್ಮ ನಂಬರ್ ಬಂತು."

ಕೌಂಟರಿನ ಹುಡುಗಿ ಪುಸ್ತಕ ತಿರುವಿದಳು.

"ದೊನ್ ಎವಾರಿಸ್ತೊ, ಮಂಗಳವಾರಕ್ಕೆ ನೂರೈವತ್ತು, ಬುಧವಾರಕ್ಕೆ ನೂರಮೂವತ್ತು ಅಂತ ಬರೆದಿದೀರಿ. ಯಾವ ದಿನಾನೂ ಇನ್ನೂರು ದಾಟಿಲ್ಲ."

"ಎಲ್ಲಾ ಒಂದೇ ಮಳೆ ಕಣಮ್ಮ. ಬುಧವಾರ ಬೆಳಗಿನ ಜಾವ ಮೂರಕ್ಕೆ ಹಿಡೀತು, ಮಧ್ಯಾಹ್ನ ಬಿಡ್ತು."

"ಮಳೆ ಲೆಕ್ಕದಲ್ಲಿ ದಿನ ಬದಲಾಗೋದು ಬೆಳಿಗ್ಗೆ ಒಂಬತ್ತಕ್ಕೆ. ನೀವೇ ಒಂಬತ್ತಕ್ಕೆ ಅಳೆದಿದೀರಿ. ಅದಕ್ಕೆ ಮುಂಚೆ ಬಿದ್ದದ್ದು ಹಿಂದಿನ ದಿನದ್ದು, ಹಾಗಾಗಿ ಎರಡು ದಿನದ ಮಳೆ ಆಯ್ತು."

ನೆಲಿದಾ ಭಾವನ ಮುಖ ನೋಡಿದಳು.

"ಹಸು ತೇಲ್ತಿರೋವಾಗ ಹೋಗಿ ಅಳತೆ ಡಬ್ಬಿ ನೀರು ಅಳೆದು ಚೆಲ್ಲಿದ್ರಾ?"

"ಒಂಬತ್ತಾಗಿತ್ತಲ್ಲ."

ನೆಲಿದಾ ಕಿಟಕಿಯಾಚೆ ನೋಡಿದಳು. ತೆಂಕಣ ದಿಕ್ಕು ಮೋಡ ಕವಿದು ಮಸಿಯಾಗಿತ್ತು.

"ನಡೀರಿ ಭಾವ. ಉಳಿದಿರೋ ಹಸುಗಳನ್ನ ದಿಬ್ಬ ಹತ್ತಿಸಬೇಕು."