ಕಾಯಿ ನೀರು ಕುಡಿದ ಸ್ವಿಚ್

...ಚಾ ಬ್ಯಾಡ್ರಿ ಫರೀನಕ್ಕಾ, ಕುಂದರ್ರಿ. ಬೈಲಹೊಂಗಲದಿಂದ ನಿಮ್ಮ ನೇಸರಗಿತನಕ ಬಸ್ಸಿನ್ಯಾಗ ನಿಂತ ಬಂದೇನಿ, ಇದೊಂದ ಹೇಳಾಕ. ಕೆಲಸ ನಿಧಾನ ಅಂತ ದವಾಖಾನಿಯಿಂದ ನಿಮ್ಮನ್ನ ತಗದ್ರಲ್ಲ... ನಿಮ್ಮ ಕೈ ನಿಧಾನ ಇರಲಿಲ್ಲ. ನೆಟ್‌ವರ್ಕ್ ನಿಧಾನ ಇತ್ತು!

ಯಾಕ ನಗತೀರಿ? ಖರೇನ ಅಕ್ಕಾ! ಎಂಟೂ ಕಂಪ್ಯೂಟರ್ ಜೋಡಿಸೂ ಡಬ್ಬಿ ಇತ್ತಲ್ಲ, ಅದು ಹಳೇ ಹಬ್ಬು. ಡಂಗುರ ಸಾರಾಂವ ಇದ್ದಂಗ. ನೀವು ಕೌಂಟರಿನಿಂದ ಲ್ಯಾಬಿಗೆ ಚೀಟಿ ಕಳಿಸಿದ್ರ, ಎಂಟೂ ಮಂದಿಗೆ ಒದರತಿತ್ತು. ಅದ ಹೊತ್ತಿಗೆ ಲ್ಯಾಬಿನವರೂ ಕಳಿಸಿದ್ರ ಎರಡೂ ಡಿಕ್ಕಿ! ಮತ್ತ ಮೊದಲಿಂದ ಕಳಿಸಬೇಕು. ಅದರ ಬದಲಿ ಹಾಕೂ ಹೊಸಾ ನಮೂನಿ ಡಬ್ಬಿಗೆ ಸ್ವಿಚ್ ಅಂತಾರ; ಅದು ಹಂಗಲ್ಲ, ಟಪಾಲಿನಾಂವ. ಯಾರ ಹೆಸರಿಗೈತಿ, ಅವರ ಮನಿಗಷ್ಟ. ಒಬ್ಬರಿಗೊಬ್ಬರು ಅಡ್ಡ ಬರೂದಿಲ್ಲ. ನಿನ್ನೆ ಸ್ವಿಚ್ ತಂದ ಹಾಕೇನಿ, ಚೀಟಿ ಕಣ್ಣ ಪಿಳಕಿಸೂದ್ರಾಗ ಬರಾಕ ಹತ್ಯಾವು!

ಹಂಗ್ಯಾಕ ನೋಡತೀರಿ? ...ಹೂಂ. ದಸರಾಕ್ಕಿಂತ ಮೊದಲ ಒಂದು ಹೊಸಾ ಸ್ವಿಚ್ ಬಂದಿತ್ತು. ಪಾರ್ಸಲ್ಲಿಗೆ ಸಹಿ ಮಾಡಿದವರು ನೀವ... ಅದೇನಾತು ಅಂತೀರಿ?

ದಸರಾದಾಗ ಖಂಡೇಪೂಜಿ, ಮಷಿನ್ನಿಗೆಲ್ಲಾ ಪೂಜಿ ಮಾಡೂ ದಿನ... ಸ್ವಿಚ್ ಹೊಸಾದು ಐತಲ್ಲ, ಮೊದಲ ಪೂಜಿ ಆಗ್ಲಿ ಅಂತ, ಚಾಲೂ ಇದ್ದದ್ದಕ್ಕ ಕುಂಕುಮ ಹಚ್ಚಿ ಮುಂದ ಕಾಯಿ ಒಡದ್ನಿ. ಕಾಯಿ ನೀರು ಸೀದಾ ಒಳಗ! ಫಟ್ ಅಂತು. ಅಂಜಿದ್ನಿ ಅಕ್ಕಾ, ಭಾಳ ಅಂಜಿದ್ನಿ. ಯಾರಿಗೂ ಹೇಳದ ಹಳೇ ಹಬ್ಬು ತಿರುಗಿ ಹಾಕಿ, ಕಪಾಟಿಗೆ ಕೀಲಿ ಹಾಕಿದ್ನಿ.

ನಿಮ್ಮ ಕೆಲಸ ಹೋಗತೈತಿ ಅಂತ ಅನ್ಕೊಂಡಿರಲಿಲ್ಲ, ದೇವರಾಣಿ! ಏನರ ಅನ್ರಿ. ಬೈರಿ. ಬೈದ್ರ ಛಲೋ ಅನಸ್ತೈತಿ...

ಇನ್ನೊಂದು ಹೇಳೂದೈತಿ ಅಂತೀರಿ?

...ಗೊತ್ತೈತಿ ನಿಮಗ. ನಿಮ್ಮನ್ನ ತಗದ ದಿನ ಸಾಹೇಬ್ರು ಎಲ್ಲಾರ್ನೂ ನಿಲ್ಲಿಸಿ ಕೇಳಿದ್ರು, "ಕಾಂತೇಶ, ಕಂಪ್ಯೂಟರ್ ನೋಡಾಂವ ನೀ. ದೋಷ ಎಲ್ಲೈತಿ?" ಅಂತ. ನಾ ಅಂದ್ನಿ... ನಾನ ಅಂದ್ನಿ ಅಕ್ಕಾ, "ಫರೀನಕ್ಕ ಕುಂತಲ್ಲೇ ವಿಡಿಯೋ ನೋಡತಾರ್ರಿ, ಅದಕ್ಕ ನಿಧಾನ" ಅಂತ. ಲ್ಯಾಬಿನವರು, ನರ್ಸ್ ಮಂದಿ, ಕಸಾ ಹೊಡಿಯೂ ಶಟ್ಟೆವ್ವ... ಎಲ್ಲಾರೂ ಇದ್ರು. ನೀವೂ ಇದ್ರಿ.

ಸುಳ್ಳ ಎಲ್ಲಾರಿಗೂ ಕೇಳೂವಂಗ ಒದರಿದ್ನಿ. ಖರೇದ್ದನ್ನ... ನಿಮಗೊಬ್ಬರಿಗಷ್ಟ ಮುಟ್ಟಿಸಿ ಹೋಗಾಕ ಬಂದೇನಿ.

ಯಾಕ ಎದ್ರಿ? ಬುರ್ಖಾ ಯಾಕ... ಎಲ್ಲಿಗ್ರಿ?

...ಹೂಂ. ನಡ್ರಿ. ಈಗ ಬೈಲಹೊಂಗಲದ ಬಸ್ ಹಿಡದ್ರ, ಎಲ್ಲಾರೂ ದವಾಖಾನ್ಯಾಗ ಇನ್ನೂ ಇರತಾರು.