ಆರ್ಕಿಡ್‌ಗಳಿಗೆ ಹಾಕಿದ ಹೀಟರ್

ಬೇರೆಯವರ ಮಾತಿಗೆ ಕಿವಿಗೊಟ್ಟದ್ದಕ್ಕೆ ಕ್ಷಮೆಯಿರಲಿ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ ಅತ್ತಿಗೆ, ನಾದಿನಿ ಇಬ್ಬರೂ ಒಂದೇ ನರ್ಸರಿಯ ಕೆಲಸದವರು.

“ಅತ್ತಿಗೆ, ಆರ್ಕಿಡ್‌ಗಳಿಗೆ ಚಳಿಯಾಗುತ್ತೆ ಅಂತ ಮೂರು ವಾರ ನಾನೇ ಹೀಟರ್ ಹಾಕಿದ್ದೆ.”

“ಸದ್ಯ, ಸ್ವೆಟರ್ ಹೆಣೀಲಿಲ್ವಲ್ಲ. ಆ ತಂಪಿದ್ರೇನೇ ಅವು ಹೂ ಬಿಡೋದು, ಪುಣ್ಯಾತ್ಗಿತ್ತಿ.”

“ಒಂದಕ್ಕೂ ಮೊಗ್ಗಿಲ್ಲ. ಮಾಲಿ ಹೂ ಬಿಡಿಸೋ ಹಾರ್ಮೋನ್ ಸರಿಯಾಗಿ ಹೊಡೆದಿಲ್ಲ ಅಂತ ಯಜಮಾನರು ಇವತ್ತು ಅವನನ್ನ ಕೆಲಸದಿಂದ ತೆಗೀತಾರಂತೆ.”

“ಬೆಚ್ಚಗಿಟ್ರೆ ಗಿಡದೊಳಗಿನ ಹಾರ್ಮೋನೇ ಇಳಿದುಹೋಗುತ್ತೆ. ಅವನೇನು ಮಾಡ್ತಾನೆ? ಹೇಳಿದ್ಯಾ ಯಜಮಾನರಿಗೆ?”

“ಬಾಯೇ ಬರ್ತಿಲ್ಲ. ನೀವೇ ಹೇಳಿಬಿಡಿ.”

“ಹೀಟರ್ ಹಾಕುವಾಗ ನನ್ನ ಕೇಳಿದ್ಯಾ?”

ನರ್ಸರಿ ಗೇಟಿನ ಬಳಿ ಇಬ್ಬರೂ ಇಳಿದರು. ಅತ್ತಿಗೆ ಗೇಟಿನಲ್ಲೇ ನಿಂತಳು. ನಾದಿನಿ ಒಬ್ಬಳೇ ಆಫೀಸಿನ ಕಡೆಗೆ ನಡೆದಳು. ಬಸ್ಸು ಹೊರಟಿತು. ಅವಳು ಒಳಗೆ ಹೋಗಿ ನಿಜ ಹೇಳಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.