ಚೂಡಾಮಣಿ ಟೀಚರ್ ತೆಗೆದುಕೊಳ್ಳುತ್ತಿದ್ದ ಹಾಜರಿ

ಈ ಸಭೆಯ ಹಾಗೂ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರಾದ ಶ್ರೀ ಗಂಗಾಧರಯ್ಯನವರೇ, ಗೌರವಾನ್ವಿತ ಮುಖ್ಯೋಪಾಧ್ಯಾಯಿನಿಯವರೇ, ಇಂದು ನಮ್ಮನ್ನು ಬಿಟ್ಟು ಹೊರಟಿರುವ ಡ್ರಿಲ್ ಟೀಚರ್ ಚೂಡಾಮಣಿಯವರೇ, ಜಯನಗರದ ಹಿರಿಯರೇ, ಸಾರಕ್ಕಿ, ಯಡಿಯೂರುಗಳಿಂದ ನಡೆದು ಬಂದಿರುವ ತಾಯಂದಿರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ವಿದ್ಯಾರ್ಥಿನಿಯರೇ, ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಒಂದು ನಿಮಿಷ ಸಂಬೋಧನೆಯಲ್ಲೇ ಮುಗಿಯಿತು. ಕೊನೆಯಲ್ಲಿ ವಂದನಾರ್ಪಣೆಯೂ ನನ್ನದೇ. ಕನ್ನಡ ಆನರ್ಸ್ ಮಾಡಿದವಳೆಂಬ ಒಂದೇ ಕಾರಣಕ್ಕೆ ಈ ಶಾಲೆಯಲ್ಲಿ ಸ್ವಾಗತ ಪದ್ಯದಿಂದ ಹಿಡಿದು ನೀರಿನ ತೊಟ್ಟಿಯ ಮೇಲಿನ 'ಇಲ್ಲಿ ಕೈ ತೊಳೆಯಬಾರದು' ಎಂಬ ಹಲಗೆಯವರೆಗೆ ಎಲ್ಲವನ್ನೂ ನಾನೇ ಬರೆಯುತ್ತೇನೆ. ಹಲಗೆಯ ಕೆಳಗೇ ಎಲ್ಲರೂ ಕೈ ತೊಳೆಯುತ್ತಾರೆ, ಅದು ಬೇರೆ ಮಾತು. ಬರೆಯುವುದು ನನಗೆ ಸುಲಭ. ಹೀಗೆ ಎದ್ದು ನಿಂತು ಮಾತನಾಡುವುದು ಕಷ್ಟ. ಇವತ್ತೂ ಬರೆದುಕೊಂಡೇ ಬಂದಿದ್ದೇನೆ. ಆದರೆ ಫ್ಯಾನಿನ ಗಾಳಿಗೆ ಹಾಳೆ ನಿಲ್ಲುತ್ತಿಲ್ಲ. ಹಾಳೆಯನ್ನು ಮಡಿಸಿ ಇಡುತ್ತೇನೆ.

ಚೂಡಾಮಣಿ ಟೀಚರ್ ಏಳು ವರ್ಷ ಈ ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟರು. ಅವರು ಬಂದಾಗ ನಮ್ಮ ಮೈದಾನ ಬರೀ ಜಾಲಿಮುಳ್ಳಿನ ಬಯಲಾಗಿತ್ತಂತೆ. ಲೇಜಿಮ್ ತಂದರು, ಮರದ ಡಂಬೆಲ್ ತಂದರು, ಎತ್ತರ ಜಿಗಿತಕ್ಕೆ ಮರಳಿನ ಗುಂಡಿ ತೋಡಿಸಿದರು. ಇದನ್ನೆಲ್ಲ ನನಗಿಂತ ಮೊದಲು ಮಾತನಾಡಿದವರು ಹೇಳಿದ್ದಾರೆ. ಅವರು ಹೇಳದೆ ಬಿಟ್ಟದ್ದು ಒಂದಿದೆ. ಅದು ಟೀಚರ್ ಹಾಜರಿ ತೆಗೆದುಕೊಳ್ಳುತ್ತಿದ್ದ ರೀತಿ.

ನಾವೆಲ್ಲ ಹಾಜರಿ ಹೇಗೆ ತೆಗೆದುಕೊಳ್ಳುತ್ತೇವೆ? ಹೆಸರು ಕೂಗುತ್ತೇವೆ, ಮಕ್ಕಳು 'ಎಸ್ ಮಿಸ್' ಅನ್ನುತ್ತಾರೆ. ಮನಸ್ಸು ಮನೆಯಲ್ಲಿದ್ದರೂ 'ಎಸ್ ಮಿಸ್', ಹೊಟ್ಟೆ ಹಸಿದಿದ್ದರೂ 'ಎಸ್ ಮಿಸ್'. ಚೂಡಾಮಣಿ ಟೀಚರ ಮೈದಾನದಲ್ಲಿ ಈ ಉತ್ತರ ನಡೆಯುತ್ತಿರಲಿಲ್ಲ. ಹೆಸರು ಕೂಗಿದೊಡನೆ ಹುಡುಗಿ ಒಂದು ಗಳಿಗೆ ಕಣ್ಣು ಮುಚ್ಚಬೇಕು, ಮೈಯಲ್ಲಿ ಎಲ್ಲಿ ಬಿಗಿಯಾಗಿದೆಯೋ ಆ ಜಾಗದ ಹೆಸರು ಹೇಳಬೇಕು. 'ಹೊಟ್ಟೆ, ಟೀಚರ್.' 'ಹಲ್ಲು, ಟೀಚರ್.' 'ಅಂಗಾಲು, ಟೀಚರ್.' ಹಲ್ಲು ಕಚ್ಚಿಕೊಂಡು ಬಂದವಳು ಯಾರ ಮೇಲೋ ಸಿಟ್ಟಾಗಿದ್ದಾಳೆ, ಅವಳಿಗೆ ಡಂಬೆಲ್. ಹೊಟ್ಟೆ ಹಿಡಿದುಕೊಂಡವಳಿಗೆ ಪರೀಕ್ಷೆಯ ಹೆದರಿಕೆ, ಅವಳಿಗೆ ಮೊದಲು ನಿಧಾನ ನಡಿಗೆ, ಉದ್ದ ಉಸಿರು. 'ಮೈಗೆ ಮೊದ್ಲು ಗೊತ್ತಾಗತ್ತೆ ಕಣ್ರೇ, ತಲೆಗೆ ಆಮೇಲೆ. ತಲೆ ಲೇಟ್ ಕಮರ್,' ಅನ್ನುತ್ತಿದ್ದರು. ಒಮ್ಮೆ ಗಂಗಾಧರಯ್ಯನವರ ಮಗಳು ಜಯಾ ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿ, 'ಜಡೆ, ಟೀಚರ್' ಎಂದಳು. ಅಜ್ಜಿ ಅಷ್ಟು ಬಿಗಿಯಾಗಿ ಹೆಣೆದಿದ್ದರು. ಟೀಚರ್ ಅಲ್ಲೇ ಜಡೆ ಬಿಚ್ಚಿ ಮತ್ತೆ ಹೆಣೆದರು.

ನಾನು ಇದನ್ನೆಲ್ಲ ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತಿದ್ದೆ. ನಾನು ಬೆಳೆದ ಬಸವನಗುಡಿಯ ಮನೆಯಲ್ಲಿ ಹೆಣ್ಣುಮಕ್ಕಳ ಹೆಜ್ಜೆಯ ಸದ್ದು ನಡುಮನೆಗೆ ಕೇಳಬಾರದಿತ್ತು. ಇಪ್ಪತ್ಮೂರು ವರ್ಷವಾದರೂ ನಾನು ಓಡಿದವಳಲ್ಲ, ಮಳೆ ಬಂದರೂ ಓಡಿದವಳಲ್ಲ. ಒಂದು ಸಂಜೆ ಟೀಚರ್ ನನ್ನ ತರಗತಿಯ ಬಾಗಿಲಲ್ಲಿ ನಿಂತಿದ್ದರು. 'ಕಮಲಾದೇವಿ, ನೀವು ಉಸಿರು ಕಟ್ಕೊಂಡು ಪಾಠ ಮಾಡ್ತೀರಿ. ಪದ್ಯ ಮುಗಿಯೋ ಹೊತ್ಗೆ ನೀವೇ ಮುಗ್ದೋಗಿರ್ತೀರಿ,' ಎಂದರು. ಮರುದಿನದಿಂದ ಸಂಜೆ ಮೈದಾನದ ಸುತ್ತ ಅವರ ಜೊತೆ ನಡೆದೆ. ಆರು ವಾರ ನಡೆದೆ. ಯಾರ ಜೊತೆ ನಡೆಯುತ್ತಿದ್ದೆ ಎಂಬುದನ್ನು ಈಗ ಈ ವೇದಿಕೆಯ ಮೇಲೆ ನೆನೆದರೆ... ಕ್ಷಮಿಸಬೇಕು, ಒಂದು ಗುಟುಕು ನೀರು ಕುಡಿಯುತ್ತೇನೆ.

ಒಂಬತ್ತನೆಯ ತರಗತಿಯ ಮುನಿವೆಂಕಟಮ್ಮನ ವಿಷಯ ಹೇಳಬೇಕು. ಹೇಳಬಹುದೇ ಎಂದು ಇವತ್ತು ಬೆಳಿಗ್ಗೆ ಅವಳನ್ನೂ ಅವಳ ತಾಯಿ ಸೊಣ್ಣಮ್ಮನವರನ್ನೂ ಕೇಳಿದೆ. ಸೊಣ್ಣಮ್ಮನವರು, 'ಊರೆಲ್ಲಾ ಆಡ್ಕೊಂಡಾಯ್ತಲ್ಲವ್ವಾ, ನೀನೊಬ್ಳು ಸರ್ಯಾಗ್ ಹೇಳು,' ಎಂದರು. ಸಾರಕ್ಕಿಯ ಈ ಹುಡುಗಿ ನಡೆದರೆ ಗಾಳಿ, ಓಡಿದರೆ ಕೇಳಲೇಬೇಡಿ. ಆದರೆ ಪಂದ್ಯದಲ್ಲಿ ಸೀಟಿ ಊದಿದರೆ ಓಡುತ್ತಿರಲಿಲ್ಲ, ತಲೆ ತಗ್ಗಿಸಿ ನಿಂತಲ್ಲೇ ನಿಲ್ಲುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಹಾಜರಿಯಲ್ಲಿ ದಿನವೂ ಅವಳದು ಒಂದೇ ಉತ್ತರ: 'ಕತ್ತು, ಟೀಚರ್.'

ತಿಂಗಳಾದ ಮೇಲೆ ಟೀಚರ್ ಕೇಳಿದರು, 'ಯಾಕಮ್ಮಾ ದಿನಾ ಕತ್ತು?'

'ಮನೇಲಿ ಅಪ್ಪ ಎದ್ದು ಓಡಾಡ್ತಿದ್ರೆ ನಾವ್ ಯಾರೂ ಕತ್ತು ತಿರುಗ್ಸಲ್ಲ ಟೀಚರ್. ಅಪ್ಪ ಕೂಗ್ತದೆ. ಹೊಲ ಹೋದಾಗ್ಲಿಂದ ಹಿಂಗೇಯ. ಕೂಗಿದ್ರೆ ಅಳ್ಳಾಡ್ದಂಗೆ ನಿಂತ್ಕಂಬುಡ್ತೀವಿ.'

ಸಭಿಕರೇ, ಆ ಹೊಲ ಎಲ್ಲಿ ಹೋಯಿತು? ನಾವು ಕುಳಿತಿರುವುದು ಎಲ್ಲಿ? ಈ ಬಡಾವಣೆಯ ಸೈಟುಗಳ ಕಲ್ಲು ನೆಟ್ಟದ್ದು ಯಾರ ರಾಗಿ ಹೊಲದಲ್ಲಿ? ಇದು ಡ್ರಿಲ್ಲಿಗೆ ಸಂಬಂಧವಿಲ್ಲದ ಪ್ರಶ್ನೆ ಎನ್ನಬಹುದು. ಆ ಹುಡುಗಿಯ ಕತ್ತಿಗೆ ಸಂಬಂಧವಿತ್ತು.

ಟೀಚರ್ ಅಂದಿನಿಂದ ಸೀಟಿಯನ್ನು ಊದದೆ ಸೆರಗಿನ ತುದಿಗೆ ಕಟ್ಟಿಬಿಟ್ಟರು. ಮುನಿವೆಂಕಟಮ್ಮ ಗೆರೆಯ ಮೇಲೆ ನಿಂತು, ಕತ್ತಿನ ಹಿಂದೆ ತನ್ನದೇ ಅಂಗೈ ಇಟ್ಟುಕೊಂಡು ಉಸಿರಾಡಬೇಕು. ಬಿಗಿ ಸಡಿಲವಾದಾಗ ಹೊರಡಬೇಕು. ಎರಡು ತಿಂಗಳಾದ ಮೇಲೆ, ಅವಳಿಗೆ ಹೇಳಿಯೇ, ಮೆಲ್ಲಗೆ ಸೀಟಿ ಊದಿದರು. ಆಮೇಲೆ ಜೋರಾಗಿ. ನವೆಂಬರಿನ ಅಂತರಶಾಲಾ ಪಂದ್ಯದಲ್ಲಿ ನೂರು ಗಜದ ಓಟಕ್ಕೆ ಸೀಟಿ ಊದಿದರು, ಮುನಿವೆಂಕಟಮ್ಮ ಓಡಿದಳು. ಬಹುಮಾನ ಬರಲಿಲ್ಲ, ನಾಲ್ಕನೆಯವಳಾದಳು. ಚೂಡಾಮಣಿ ಟೀಚರ್ ಮೈದಾನದ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಅತ್ತರು. ಕಾಲಿಗೆ ಮುಳ್ಳು ಚುಚ್ಚಿತು ಎಂದು ನನಗೆ ಸುಳ್ಳು ಹೇಳಿದರು.

ಡಿಸೆಂಬರಿನಲ್ಲಿ ದೂರು ಬಂತು. ಬೆಳೆದ ಹುಡುಗಿಯರು ಮೈದಾನದಲ್ಲಿ ಅಂಗಾಂಗಗಳ ಹೆಸರು ಕೂಗುತ್ತಾರೆ, ಮನೆಯ ಗುಟ್ಟು ಬಯಲಾಗುತ್ತದೆ ಎಂದು. ಅಧ್ಯಕ್ಷರು ಅಂದು ಕೇಳಿದ ಮಾತು ನನಗೆ ನೆನಪಿದೆ: 'ಡ್ರಿಲ್ ಅಂದ್ರೆ ಕೈ ಮೇಲೆ, ಕೈ ಕೆಳಗೆ. ಇದೆಲ್ಲ ಯಾಕೆ ಬೇಕು?' ಹೆಣ್ಣುಮಕ್ಕಳ ತಂದೆಯಾಗಿ ಅವರಿಗೆ ಆತಂಕವಾದದ್ದು ಸಹಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಮಿತಿ ಸೇರಿತು. ನಡಾವಳಿ ಬರೆಯಲು, ಅಕ್ಷರ ಚೆನ್ನಾಗಿದೆ ಎಂದು, ನನ್ನನ್ನು ಕೂರಿಸಿದರು. ಮುನಿವೆಂಕಟಮ್ಮನನ್ನು ಕರೆದು ಕೇಳಿದರು. ಅವಳು ಹೇಳಿದಳು: 'ಹೌದು, ಮೈಯಲ್ಲಿ ಎಲ್ಲಿ ಬಿಗಿ ಅದೆ ಅಂತ ಕೇಳ್ತಾರೆ. ಮನೆ ವಿಷ್ಯಾನೂ ಕೇಳಿದ್ರು.' ನಾನು ಬರೆದುಕೊಂಡೆ. ಅವಳು ಇನ್ನೂ ಒಂದು ಮಾತು ಹೇಳಿದಳು. ನಾನು ಲೇಖನಿ ಎತ್ತಿದಾಗ ಮುಖ್ಯೋಪಾಧ್ಯಾಯಿನಿಯವರು, 'ಅಷ್ಟು ಸಾಕು ಕಣಮ್ಮಾ ಕಮಲಾದೇವಿ,' ಎಂದರು. ಮೆತ್ತಗೆ, ಪ್ರೀತಿಯಿಂದಲೇ ಎಂದರು. ನನ್ನ ಪ್ರೊಬೇಷನ್ನಿನ ಕಾಗದ ಅವರ ಮೇಜಿನ ಮೇಲಿತ್ತು. ನಾನು ಲೇಖನಿ ಕೆಳಗಿಟ್ಟೆ.

ನನಗೆ ಯಾರೂ ಬೆದರಿಕೆ ಹಾಕಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ನಾನೇ ಕೆಳಗಿಟ್ಟೆ.

ಸಭೆ ಮುಗಿದ ಮೇಲೆ ಅವಳು ಕಾರಿಡಾರಿನಲ್ಲಿ ಕಾಯುತ್ತಿದ್ದಳು. 'ಮಿಸ್, ನಾನ್ ಹೇಳಿದ್ದೆಲ್ಲಾ ಬರ್ಕಂಡ್ರಾ?'

'ಬರ್ಕೊಂಡೆ ಕಣಮ್ಮಾ,' ಎಂದೆ.

ನಾನು ಬರೆದ ಆ ಪುಟದ ಆಧಾರದ ಮೇಲೆಯೇ ಟೀಚರನ್ನು ರಾಜೀನಾಮೆ ಕೊಡಲು ಕೇಳಿದರು. ತಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯಲ್ಲಿ 'ಅನಾರೋಗ್ಯದ ನಿಮಿತ್ತ ಸ್ವಇಚ್ಛೆಯಿಂದ' ಎಂದಿದೆ. ಅದನ್ನು ಬರೆದವಳೂ ನಾನೇ. ಈ ಅನಾರೋಗ್ಯದವರು ನಿನ್ನೆ ನಲವತ್ತು ಲೇಜಿಮ್‌ಗಳ ಮೂಟೆಯನ್ನು ಒಬ್ಬರೇ ಹೊತ್ತು ಉಗ್ರಾಣಕ್ಕೆ ಸಾಗಿಸಿದರು. ನನ್ನ ಕೆಲಸ ಹೋದ ಸೋಮವಾರ ಕಾಯಂ ಆಯಿತು. ಮೂರನೆಯ ಸಾಲಿನಲ್ಲಿ ಕುಳಿತಿರುವ ನಮ್ಮ ತಾಯಿ ಬೀದಿಗೆಲ್ಲ ಸಕ್ಕರೆ ಹಂಚಿದ್ದಾರೆ. ಅಮ್ಮಾ, ತಲೆ ತಗ್ಗಿಸಬೇಡ, ಇನ್ನು ಸ್ವಲ್ಪವೇ ಇದೆ.

ಮುನಿವೆಂಕಟಮ್ಮ ಈಗ ಯಾರು ಏನು ಕೇಳಿದರೂ 'ಏನಿಲ್ಲ ಮಿಸ್' ಅನ್ನುತ್ತಾಳೆ. ಪಾಠದಲ್ಲಿ ಪ್ರಶ್ನೆ ಕೇಳಿದರೂ 'ಏನಿಲ್ಲ ಮಿಸ್.' ತಾನು ಹೇಳಿದ್ದೆಲ್ಲ ಬರವಣಿಗೆಯಲ್ಲಿದ್ದೂ ಟೀಚರನ್ನು ಕಳಿಸಿದರು ಎಂದು ಅವಳು ಈವರೆಗೆ ತಿಳಿದಿದ್ದಳು. ನಿಜ ಹೇಳಿ ಉಪಯೋಗವಿಲ್ಲ ಎಂದು ಒಂದು ಮಗುವಿಗೆ ಕಲಿಸಿದವಳು ನಾನು. ಕನ್ನಡ ಪಂಡಿತೆ.

ಅಧ್ಯಕ್ಷರು ಎರಡನೆಯ ಸಲ ಗಡಿಯಾರ ನೋಡಿದರು. ಮುಗಿಸುತ್ತೇನೆ ಸಾರ್. ವಂದನಾರ್ಪಣೆಯ ಸಮಯವನ್ನೇ ಇದಕ್ಕೆ ತೆಗೆದುಕೊಂಡಿದ್ದೇನೆ ಎಂದು ತಿಳಿಯಬೇಕು.

ನಡಾವಳಿ ಪುಸ್ತಕ ಇದೋ, ಈ ಮೇಜಿನ ಮೇಲಿದೆ. ಇವತ್ತು ಬೆಳಿಗ್ಗೆ ಆ ಪುಟದ ಅಂಚಿನಲ್ಲಿ, ಬಿಟ್ಟುಹೋದ ಮಾತನ್ನು ಅವಳ ಬಾಯಲ್ಲಿ ಬಂದ ಹಾಗೆಯೇ ಬರೆದಿದ್ದೇನೆ. ಓದುತ್ತೇನೆ: 'ಟೀಚರ್ ಕೇಳಾದ್ರಿಂದ್ಲೇ ನಂಗೆ ಗೊತ್ತಾಗಿದ್ದು, ಹೆದ್ರಿಕೆ ನಾನಲ್ಲ, ನನ್ ಕತ್ತಲ್ಲಿ ಕುಂತೈತೆ ಅಂತ. ಅವ್ರನ್ನ ಕಳಿಸ್ಬ್ಯಾಡಿ.' ಇದನ್ನು ಅಂದು ಉದ್ದೇಶಪೂರ್ವಕವಾಗಿ ಬರೆಯಲಿಲ್ಲ ಎಂದು ಕೆಳಗೆ ದಿನಾಂಕ ಹಾಕಿ ರುಜು ಮಾಡಿದ್ದೇನೆ. ಅಧ್ಯಕ್ಷರ ರುಜುವಿಗೆ ಜಾಗ ಬಿಟ್ಟಿದ್ದೇನೆ. ಅವರು ಹಾಕಿದರೆ ಸಮಿತಿ ಮತ್ತೆ ಸೇರಬೇಕಾಗುತ್ತದೆ. ಹಾಕದಿದ್ದರೂ ಮಾತು ಪುಸ್ತಕದಲ್ಲಿರುತ್ತದೆ, ನಾನು ಈ ಶಾಲೆಯಲ್ಲಿ ಇದ್ದರೂ ಇರದಿದ್ದರೂ.

ಚೂಡಾಮಣಿ ಟೀಚರ್, ತಾವು ಕ್ಷಮಿಸಬೇಕೆಂದು ಇಷ್ಟು ಜನರ ಮುಂದೆ ಕೇಳಿದರೆ ತಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತಾಗುತ್ತದೆ. ಆದ್ದರಿಂದ ಕೇಳುವುದಿಲ್ಲ.

ಕುರ್ಚಿ ಕೊಟ್ಟ ಕಲ್ಯಾಣಮಂಟಪದವರಿಗೆ, ಹಾರ ಕಟ್ಟಿದ ಮೀನಾಕ್ಷಮ್ಮನವರಿಗೆ, ಇಷ್ಟು ಹೊತ್ತು ಮೈಕು ಆರಿಸದೆ ಇದ್ದವರಿಗೆ ಕೃತಜ್ಞತೆಗಳು. ಬಾಗಿಲ ಬಳಿ ನಿಂತಿರುವ ಮುನಿವೆಂಕಟಮ್ಮ, ನಿನಗೂ. ಅವತ್ತು ನಾನು ಬರೆದುಕೊಂಡಿರಲಿಲ್ಲ ಕಣಮ್ಮಾ. ಎಲ್ಲರಿಗೂ ನಮಸ್ಕಾರ.